ಎಲ್ಸ್‌ಲಾಂಟನ ಪಾಲಾದ ಎರಡು ಸಾಲು

ನವೆಂಬರ್ 14, ಬೆಳಿಗ್ಗೆ

ಗಂಟಲು ಕೆಟ್ಟಿದೆ. ಆದರೂ ರಿಹರ್ಸಲ್‌ಗೆ ಹೊರಟೆ. ಇಳಿಯುವ ಟ್ರಾಮ್ ಸ್ಟಾಪಿಗೆ ಎಲ್ಸ್‌ಲಾಂಟ್ ಹೆಸರು, ಪಕ್ಕದ ಪಾರ್ಕಿಗೂ ಅದೇ. ಅಲ್ಲಿ ಅವನ ಕಂಚಿನ ಪ್ರತಿಮೆ, ತಲೆ ಮೇಲೆ ಕಡಲಹಕ್ಕಿಯ ಹಿಕ್ಕೆ. ಆ ಹಿಕ್ಕೆಯೊಂದೇ ನನಗೆ ಹಿಡಿಸುವುದು.

ಮುನ್ನೂರು ವರ್ಷಕ್ಕೂ ಹಿಂದೆ ಸತ್ತ ಮೇಣದಬತ್ತಿ ವ್ಯಾಪಾರಿ. ಬದುಕಿದ್ದಾಗ ಅವನು ಬರೆದ ನಾಟಕವನ್ನು ಪಾದ್ರಿಗಳು ನಿಲ್ಲಿಸಿದರು, ಹೆಣ ಹೊರಲೂ ಜನ ಸಾಲಲಿಲ್ಲ. ಸತ್ತ ಮೇಲೆ ಡಚ್ ಕವಿಗಳಿಗೆಲ್ಲ ಅಜ್ಜನಾಗಿ ಕೂತ. ಪ್ರತಿ ಹೊಸವರ್ಷದ ಮಧ್ಯಾಹ್ನ ಅವನ ‘ಏರಿಯ ಒಡೆಯ’ ನಾಟಕ ಆಗಲೇಬೇಕು. ಮುಗಿದ ಮೇಲೆ ಇಡೀ ಸಭೆ ಎದ್ದು ಅವನ ಹೆಸರು ಕೂಗಬೇಕು. ಈ ಊರಿನ ರೂಢಿ. ಬೆವರು ನಮ್ಮದು, ಕೂಗು ಅವನಿಗೆ.

ಅದೇ ದಿನ, ಸಂಜೆ

ಪಾತ್ರ ಹೋಯಿತು.

ನಾಟಕದಲ್ಲಿ, ಕಡಲಿನ ಏರಿ ಕಾಯುವ ಮುದುಕನನ್ನು ಊರಿನ ಹೊಸ ಒಡತಿ ಹೊರಗಟ್ಟುತ್ತಾಳೆ. ಏರಿ ಒಡೆದು ಊರು ಮುಳುಗುತ್ತದೆ. ಆ ಮುದುಕ ಇಪ್ಪತ್ತಾರು ವರ್ಷದಿಂದ ನಾನು. ನಮ್ಮ ಹೊಸ ನಿರ್ದೇಶಕಿ ಫೆನ್ನಾ ಅದನ್ನು ರೂಬೆನ್‌ಗೆ ಕೊಟ್ಟಳು. ಅವನಿಗೆ ಇನ್ನೂ ಮೂವತ್ತೈದು. ಗಡ್ಡ ಅಂಟಿಸಿಕೊಳ್ಳಬೇಕು.

“ಟ್ಯೂನಿಸ್, ಈ ಸಲ ನೀವು ದೂತನ ಪಾತ್ರ ಮಾಡಿ. ಚಿಕ್ಕದು, ಚೆನ್ನಾಗಿದೆ.”

“ಮುದುಕನ ಪಾತ್ರಕ್ಕೆ ಮುದುಕ ಬೇಡವೇನಮ್ಮಾ?”

“ಮುದುಕ ಆಗಿರೋದು ಬೇರೆ, ಮುದುಕನ ಥರ ನಟಿಸೋದು ಬೇರೆ.”

ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಕಾಫಿ. ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದಳು. ನನಗೆ ಬಂದದ್ದು ಮುರುಕು.

ನವೆಂಬರ್ 20

ಡಿಸೆಂಬರ್ 5ರ ಸಿಂಟ್ ನಿಕೊಲಾಸ್ ಹಬ್ಬಕ್ಕೆ ಚೀಟಿ ಎತ್ತಿದೆವು. ಯಾರ ಹೆಸರು ಬಂತೋ ಅವರಿಗೊಂದು ಉಡುಗೊರೆ, ಜೊತೆಗೆ ಕಾಲೆಳೆಯುವ ಪದ್ಯ. ಕೆಳಗೆ ‘ಸಿಂಟ್’, ಅಂದರೆ ಸಂತ, ಅಂತ ಸಹಿ. ಬೈಸಿಕೊಂಡವರೇ ಎದ್ದುನಿಂತು ಓದಬೇಕು. ಬರೆದವರು ಬಾಯಿ ಬಿಡಬಾರದು.

ಚೀಟಿ ಬಿಡಿಸಿದೆ. ಫೆನ್ನಾ!

ಡಿಸೆಂಬರ್ 4

ಎಷ್ಟು ಹಾಳೆ ಹರಿದೆನೋ. ಅವಳನ್ನು ಎಲ್ಸ್‌ಲಾಂಟನ ಧಾಟಿಯಲ್ಲೇ ಬೈಯಬೇಕು — ಇಬ್ಬರಿಗೂ ತಟ್ಟಲಿ. ಉಳಿದದ್ದು ಎರಡೇ ಸಾಲು:

ಹೊಸ ಒಡತಿ ಬಂದಳು, ಹಳೆಯ ದೀಪವ ಆರಿಸಿದಳು;
ಇರುಳಲ್ಲಿ ದಾರಿ ತಪ್ಪಿ, ದೀಪವನ್ನೇ ಶಪಿಸಿದಳು.

ಜೋರಾಗಿ ಓದಿಕೊಂಡೆ. ಹೊಟ್ಟೆ ತಣ್ಣಗಾಯಿತು. ಹುಟ್ಟಿದಾಗಿನಿಂದ ಬೇರೆಯವರ ಮಾತೇ ಆಡಿದ್ದೇನೆ. ಇವೆರಡು ನನ್ನವು.

ಡಿಸೆಂಬರ್ 6

ನಿನ್ನೆ ಹಬ್ಬದ ಸಂಜೆ ಫೆನ್ನಾ ಎದ್ದು ಓದಿದಳು. ಯಾರೂ ನಗಲಿಲ್ಲ. ಅವಳ ಮುಖ ಕಪ್ಪಿಡುವುದನ್ನೇ ಕಾಯುತ್ತ ಕೂತಿದ್ದೆ. ಅಷ್ಟರಲ್ಲಿ ರೂಬೆನ್ ಬಾಯಿ ಹಾಕಿದ.

“ಇದು ಎಲ್ಸ್‌ಲಾಂಟನದೇ ಕಣ್ರೀ! ಸಿಂಟ್‌ಗೆ ಸೋಮಾರಿತನ, ಎಲ್ಲಿಂದಲೋ ಕದ್ದಿದಾನೆ.”

ಈಗ ಎಲ್ಲರೂ ನಕ್ಕರು. ಫೆನ್ನಾ ಮಾತ್ರ ಇನ್ನೊಮ್ಮೆ ಓದಿದಳು, ಮೆಲ್ಲಗೆ.

“ಏನ್ ಸಾಲು! ದೂತನ ಮಾತಿನ ನಡುವೆ ಹಾಕೋಣ. ಟ್ಯೂನಿಸ್, ನಿಮ್ಮ ಬಾಯಿಗೆ ಚೆನ್ನಾಗಿ ಕೂರತ್ತೆ.”

ಬಾಯಿ ಬಿಡುವ ಹಾಗಿಲ್ಲ. ನಕ್ಕೆ. ಹಬ್ಬದ ಬಾದಾಮಿ ಮಿಠಾಯಿ, ಮಾರ್ಜಿಪಾನ್, ತಿಂದೆ. ಕಹಿ.

ಡಿಸೆಂಬರ್ 19

ಪ್ರೋಗ್ರಾಮ್ ಅಚ್ಚಾಗಿ ಬಂತು. ‘ಇದೇ ಮೊದಲ ಬಾರಿಗೆ ರಂಗದ ಮೇಲೆ — ಮಹಾಕವಿಯ ಮರೆತುಹೋದ ಎರಡು ಸಾಲು.’ ರಿಹರ್ಸಲ್ ನೋಡಿದ ಪತ್ರಿಕೆಯವನು ಬರೆದಿದ್ದಾನೆ, ಇಂಥ ಸಾಲು ಬರೆಯುವ ಎದೆ ಈಗ ಯಾರಿಗಿದೆ ಅಂತ. ಮಣ್ಣಂಗಟ್ಟಿ. ಆ ಎದೆ ನಿನ್ನೆ ಸೂಪರ್‌ಮಾರ್ಕೆಟಿನಲ್ಲಿ ಈರುಳ್ಳಿ ಆರಿಸುತ್ತಿತ್ತು!

ತಡೆಯಲಾಗಲಿಲ್ಲ. ರೂಢಿ ಹಾಳಾಗಲಿ. ಅವಳ ಕೋಣೆಗೆ ಹೋದೆ.

“ಆ ಎರಡು ಸಾಲು ನಂದು.”

“ಅಂದ್ರೆ ನೀವು ಚೆನ್ನಾಗಿ ಹೇಳ್ತೀರ ಅಂತಾನಾ?”

“ನಾನೇ ಬರೆದದ್ದು. ನಿನ್ನನ್ನ ಬೈಯೋಕೆ ಬರೆದದ್ದು.”

ನೋಡಿದಳು. ಕೋಪ ಬಂದಿದ್ದರೆ ಸಾಕಿತ್ತು. ಕನಿಕರ ಬಂತು ಅವಳಿಗೆ.

“ಟ್ಯೂನಿಸ್, ಇಷ್ಟು ವರ್ಷ ಅವನ ಮಾತನ್ನ ಬಾಯಲ್ಲಿಟ್ಕೊಂಡಿದೀರ. ಯಾವುದು ಅವನದು, ಯಾವುದು ನಿಮ್ಮದು ಅಂತ ಗೊತ್ತಾಗದೆ ಹೋಗೋದು ಸಹಜ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ.”

ಬಾಗಿಲು ಜೋರಾಗಿ ಎಳೆದುಕೊಂಡು ಬಂದೆ. ಅವಳನ್ನು ದ್ವೇಷಿಸುತ್ತೇನೆ. ಅವನನ್ನು ಇನ್ನೂ ಹೆಚ್ಚು.

ಜನವರಿ 1, ಇಂಟರ್‌ವಲ್

ಗ್ರೀನ್‌ರೂಮ್. ಹೊರಗೆ ಎಣ್ಣೆಯಲ್ಲಿ ಕರಿದ ಹೊಸವರ್ಷದ ಸಿಹಿ ಬೋಂಡದ ವಾಸನೆ. ಮೊದಲ ಸಾಲಿನಲ್ಲಿ ಮೇಯರ್, ಪಕ್ಕ ಫೆನ್ನಾ.

ನಿರ್ಧಾರ ಮಾಡಿದ್ದೇನೆ. ಎರಡು ಸಾಲು ಹೇಳಿ, ನಿಲ್ಲಿಸಿ, “ಇದು ಟ್ಯೂನಿಸ್ ರೋಮೈನ್ ಬರೆದದ್ದು” ಅಂತ ಜೋರಾಗಿ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಊರಿಗೆ ಊರೇ ಕೇಳಲಿ.

ಜನವರಿ 1, ಆಮೇಲೆ

ಬೇಗ ಬರೆಯಬೇಕು. ಇನ್ನೇನು ಕರೆಯುತ್ತಾರೆ.

ಹೇಳಿದೆ. ಫೆನ್ನಾಳ ಕಣ್ಣಿಗೆ ಕಣ್ಣಿಟ್ಟು ಎರಡೂ ಸಾಲು ಹೇಳಿದೆ. ಸಭೆಯಲ್ಲಿ ಒಂದು ಕೆಮ್ಮಿಲ್ಲ. ಮೇಯರ್ ಕಣ್ಣೊರೆಸಿಕೊಂಡ. ನನ್ನ ಬೈಗುಳಕ್ಕೆ! ಫೆನ್ನಾ ಕೂಡ ಅತ್ತಳು. ಈಗ ಹೆಸರು ಹೇಳಬೇಕು ಅಂತ ಬಾಯಿ ತೆರೆದೆ — ಅವನ ಮುಂದಿನ ಸಾಲು ಹೊರಬಂತು. ತಾನಾಗಿ. ಇಪ್ಪತ್ತಾರು ವರ್ಷ ಅವನ ಮಾತೇ ಆಡಿದ ಅಭ್ಯಾಸ. ದೂತನ ಮಾತು ಮುಗಿಯುವವರೆಗೂ ನಿಲ್ಲಲಿಲ್ಲ. ದರಿದ್ರದ ನಾಲಿಗೆ.

ಈಗ ಹೊರಗೆ ಎಲ್ಲರೂ ಎದ್ದು ನಿಂತಿದ್ದಾರೆ. ಎಲ್ಸ್‌ಲಾಂಟ್, ಎಲ್ಸ್‌ಲಾಂಟ್ ಅಂತ ಕೂಗು. ಗೋಡೆ ಅದುರುತ್ತಿದೆ. ಇಷ್ಟು ಜೋರಾಗಿ ಯಾವ ವರ್ಷವೂ ಕೂಗಿದ್ದಿಲ್ಲ.

ರೂಬೆನ್ ಬಾಗಿಲು ಬಡಿಯುತ್ತಿದ್ದಾನೆ. “ಬೇಗ ಬನ್ನಿ, ನಿಮ್ಮನ್ನೇ ಮುಂದೆ ನಿಲ್ಲಿಸ್ಬೇಕಂತೆ!” ಹೋಗಿ ತಲೆ ಬಾಗಿಸಬೇಕು. ನನ್ನ ಸಾಲಿಗೆ ಬಿದ್ದ ಚಪ್ಪಾಳೆಯನ್ನು ಅವನ ಪರವಾಗಿ ನಾನೇ —