ಮೂರನೆಯ ಹಾಡಿನ ಉಸಿರು

ಗಂಗಾವತಿ
೧೨ ಫೆಬ್ರವರಿ ೨೦೨೬, ಮುಂಜಾನೆ

ಗುರುಬಸವ ಅವರಿಗೆ ಸುರೇಖಾಳ ನಮಸ್ಕಾರ.

ನಾವು ಬೇರೆ ಬೇರೆ ಮನೆ ಮಾಡಿಕೊಂಡ ಮೇಲೆ ಇದೇ ಮೊದಲ ಪತ್ರ. ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ಗಾಬರಿ ಇರುವುದು ನನಗೆ.

ನಿಮ್ಮ ಬ್ಯಾಂಡಿನ ಹೊಸ ಆಲ್ಬಂ ‘ಎಡದಂಡೆ’ ಭಾನುವಾರ ಬಂತು. ಹೊಸ ರಾಕ್ ಬ್ಯಾಂಡುಗಳ ಹಾಡು ಹುಡುಕಿ ಬ್ಲಾಗಿನಲ್ಲಿ ವಿಮರ್ಶೆ ಬರೆಯುವವಳೆಂದು ಎಲ್ಲರೂ ನನಗೆ ಆಲ್ಬಂ ಕಳಿಸುತ್ತಾರೆ, ಜೊತೆಗೆ ಉದ್ದನೆಯ ಸಂದೇಶ. ನೀವು ಒಂದಕ್ಷರವನ್ನೂ ಬರೆದಿರಲಿಲ್ಲ. ಕುಷ್ಟಗಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಇಯರ್‌ಫೋನ್ ಹಾಕಿಕೊಂಡೆ. ಮೊದಲ ಹಾಡು ಚೆನ್ನಾಗಿದೆ. ಎರಡನೆಯದರಲ್ಲಿ ಗಿಟಾರು ಮಾತಿಗೆ ಜಾಗವನ್ನೇ ಬಿಡುವುದಿಲ್ಲ. ಅದು ನಿಮ್ಮ ಹಳೆಯ ಚಾಳಿ. ಮೂರನೆಯದು ‘ಹರಿಗೋಲು’. ಅಲ್ಲಿ ನನ್ನ ಕೈ ನಿಂತಿತು.

ಎಷ್ಟೇ ಉದ್ದನೆಯ ಸಾಲಾದರೂ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದವರು ನೀವು. ಇಲ್ಲಿ ಸಾಲಿನ ನಡುನಡುವೆ ಉಸಿರೆಳೆದಿದ್ದೀರಿ. ಕೊನೆಯಲ್ಲಿ, ಡ್ರಮ್ಮಿನ ಸದ್ದಿನ ಅಡಿಯಲ್ಲಿ, ನುಂಗಿದ ಕೆಮ್ಮು. ಹೊಸ ಶೈಲಿಯಿರಬಹುದು ಎಂದುಕೊಂಡೆ. ಮತ್ತೆ ಕೇಳಿದೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಮಾವನವರಿಗೂ ಆರಂಭದಲ್ಲಿ ಹೀಗೇ ಆಗಿತ್ತಲ್ಲವೇ? ಡಾಕ್ಟರಿಗೆ ತೋರಿಸುವಷ್ಟರಲ್ಲಿ ತಡವಾಗಿತ್ತು.

ನಿಮಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಿಮ್ಮ ಡ್ರಮ್ಮರ್ ಮುನವ್ವರನಿಗೆ ಮಾಡಿದೆ. ಏನೂ ಇಲ್ಲವೆಂದ. ನಾನು ಫೋನ್ ಇಡಲಿಲ್ಲ. ಆಮೇಲೆ ಅವನೇ ಬಾಯಿಬಿಟ್ಟ: “ನಾ ಹೇಳೀನಿ ಅಂತ ಅನಬ್ಯಾಡ್ರಿ ವೈನಿ. ಒಂದ್ ಹಾಡ ಮುಗದ್ರ ಅಣ್ಣ ಗ್ವಾಡಿ ಹಿಡದು ಕುಂದರ್ತಾನ್ರಿ. ದವಾಖಾನಿಗಿ ಹೋಗೂಣು ಅಂದ್ರ, ‘ಮೊದ್ಲ ಆಲ್ಬಂ ಹೊರಗ ಬರ್ಲಿ, ಆಕಿ ಕೇಳ್ಲಿ’ ಅಂತಾನ. ನನಗರ ಭಾಳ ಹೆದರಿಕಿ ಆಗೇತ್ರಿ.”

ನಾನು ಕೇಳಿಯಾಯಿತು. ಇನ್ನೇನು ಕಾಯುತ್ತೀರಿ?

ನಮ್ಮ ಜಗಳ ಇದ್ದಲ್ಲೇ ಇರಲಿ. ನೀವು ಸಾಣಾಪುರ ಬಿಡಬೇಡಿ, ನಾನು ಕುಷ್ಟಗಿ ಬಿಡುವುದಿಲ್ಲ. ಒಂದು ಎಕ್ಸ್‌ರೇ ತೆಗೆಸಿ, ಅಷ್ಟೇ. ಅಲ್ಲಿಯವರೆಗೆ ನಿಮ್ಮ ಆಲ್ಬಮ್ಮಿನ ವಿಮರ್ಶೆ ಬರೆಯಲಾರೆ. ಹಾಡು ಹಚ್ಚಿದರೆ ನನಗೆ ರಾಗವೂ ಕೇಳುವುದಿಲ್ಲ, ಪದವೂ ಕೇಳುವುದಿಲ್ಲ. ನೀವು ಉಸಿರೆಳೆಯುವುದಷ್ಟೇ ಕೇಳುತ್ತದೆ.

ಇತಿ,
ಸುರೇಖಾ

ತಾ.ಕ.: ಪತ್ರ ತಂದ ಮುನವ್ವರ ಬಾಗಿಲಲ್ಲೇ ಬೈಕು ನಿಲ್ಲಿಸಿಕೊಂಡಿರುತ್ತಾನೆ, ಹತ್ತಿ ಬನ್ನಿ. ಇದನ್ನು ಬರೆಯುತ್ತಿರುವುದು ಗಂಗಾವತಿಯ ದವಾಖಾನೆಯ ಬೆಂಚಿನ ಮೇಲೆ. ನಿಮ್ಮ ಹೆಸರಿಗೆ ಚೀಟಿ ಮಾಡಿಸುವಾಗ ನರ್ಸಮ್ಮ, “ಪೇಷಂಟಿಗೆ ನೀವೇನಾಗ್ಬೇಕ್ರಿ?” ಎಂದು ಕೇಳಿದರು. “ಹೆಂಡ್ತಿರಿ” ಎಂದೆ. ಹೇಳಲು ಒಂದಿಷ್ಟೂ ಯೋಚಿಸಬೇಕಾಗಲಿಲ್ಲ.