ಮಾವ ಬೇಡವೆಂದ ಅಪ್‌ಡೇಟ್

ಮಾವ,

ನಿಮ್ಮ ಸೊಸೆ ನಾನು. ಚೆನ್ನೈನ ವಡಪಳನಿಯ ಸ್ಟುಡಿಯೋದಲ್ಲಿ, ನಿಮ್ಮದೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಜಂಬ ಕೊಚ್ಚಿಕೊಳ್ಳುತ್ತೇನೆ. ನೀವು ಬೇಡ ಬೇಡ ಎಂದಿದ್ದ ಅಪ್‌ಡೇಟನ್ನು ನಾನು ಮಾಡಿಬಿಟ್ಟೆ.

ಕಂಪ್ಯೂಟರಿನ ಅಂಚಿಗೆ ನೀವು ಚೀಟಿ ಅಂಟಿಸಿದ ದಿನ ಚೆನ್ನಾಗಿ ನೆನಪಿದೆ. "ಅಪ್‌ಡೇಟ್ ಕೇಳಿದರೆ ‘ನಾಳೆ’ ಒತ್ತು" ಎಂದು ಬರೆದಿದ್ದಿರಿ. ಆರು ವರ್ಷ ನೀವು ನಾಳೆಯನ್ನೇ ಒತ್ತಿದಿರಿ. ನಾನು ನಕ್ಕಾಗ, "ನಗು, ನಗು. ಈ ಸಾಫ್ಟ್‌ವೇರ್ ಮಾಡಿದವರು ಅಂಗಡಿ ಮುಚ್ಚಿ ಹೋಗಿ ಆಯ್ತು. ಹೊಸ ಸಿಸ್ಟಂ ಹಾಕಿದ್ರೆ ಇದು ಕಣ್ಣು ಬಿಡುದಿಲ್ಲ, ಗೊತ್ತುಂಟಾ?" ಅಂದಿರಿ. ಗೊತ್ತಿತ್ತು ಮಾವ. ಆದರೆ ನೀವು ಹೋದ ಮೇಲೆ ಡಬ್ಬಿಂಗ್ ಕೆಲಸ ತರುವವರೆಲ್ಲ ಹೊಸ ಬಗೆಯ ಫೈಲುಗಳನ್ನೇ ತಂದರು. ನಮ್ಮಲ್ಲಿ ಒಂದೂ ತೆರೆಯಲಿಲ್ಲ. "ಅಕ್ಕಾ, ಮೊದಲ್ಲ ಸಿಸ್ಟಂ ಮಾತ್ತುಂಗ" ಎಂದು ತಮಿಳಿನಲ್ಲಿ ಹೇಳಿ, ಸಿಸ್ಟಂ ಬದಲಾಯಿಸಿದ ಬೇರೆ ಸ್ಟುಡಿಯೋ ಹುಡುಕಿಕೊಂಡು ಹೋದರು. ನಾನಾದರೂ ಎಷ್ಟು ದಿನ ನಾಳೆ ಒತ್ತಲಿ? ಹಳೆಯ ಪ್ರಾಜೆಕ್ಟುಗಳನ್ನು ಹೊಸ ಸಾಫ್ಟ್‌ವೇರ್ ಓದುತ್ತದೆ ಎಂದು ಕಂಪ್ಯೂಟರ್ ಅಂಗಡಿಯವನು ಹೇಳಿದ. ಅವನು ಹೇಳಿದ್ದು, ನಾನು ನಂಬಿದ್ದು...

ನೀವು ರೆಕಾರ್ಡ್ ಮಾಡಿಟ್ಟ ಅತ್ತೆಯ ಹಾಡುಗಳನ್ನು ತೆರೆಯಲು ಹೋದ ಆ ಬೆಳಿಗ್ಗೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು: ಈ ಪ್ರಾಜೆಕ್ಟನ್ನು ಓದಲಾಗುತ್ತಿಲ್ಲ. ಇನ್ನೊಮ್ಮೆ ಒತ್ತಿದೆ. ಮತ್ತೆ ಅದೇ. ಹಳೆಯ ಸಿಸ್ಟಮ್ಮನ್ನೇ ವಾಪಸ್ ಹಾಕಿಸಿದೆ. ಆಗ ಹಳೆಯ ಸಾಫ್ಟ್‌ವೇರ್, ಮತ್ತೆ ಶುರುವಾಗಲು ಕಂಪನಿಯ ಅನುಮತಿ ಬೇಕು ಅಂತು. ಮುಚ್ಚಿಹೋದ ಕಂಪನಿಯಲ್ಲಿ ಅನುಮತಿ ಕೊಡುವವರು ಯಾರಿದ್ದಾರೆ?

ಅತ್ತೆ ಮೊದಲ ಸಲ ಮೈಕಿನ ಮುಂದೆ ನಿಂತ ಶುಕ್ರವಾರ ನೀವು ಎಷ್ಟು ಸಂಭ್ರಮ ಪಟ್ಟಿರಿ. ಅವರ ಅಮ್ಮ ಉಡುಪಿಯಲ್ಲಿ ಮದುವೆಮನೆಗಳಲ್ಲಿ ಹೇಳುತ್ತಿದ್ದ ಹನ್ನೆರಡು ಶೋಭಾನೆ ಹಾಡುಗಳು. ಅತ್ತೆಯ ನಂತರ ಅವನ್ನು ಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ನಾನು ಮೈಸೂರಿನವಳು, ನನ್ನ ಧಾಟಿಯೇ ಬೇರೆ. ನಿಮ್ಮ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ ಬರುತ್ತದೆ. ಅತ್ತೆಗೆ ಉಸಿರು ಸಾಲದು ಅಂತ ನೀವು ಒಂದೊಂದೇ ಸಾಲು ಹಾಡಿಸಿ ರೆಕಾರ್ಡ್ ಮಾಡಿದಿರಿ. ಹನ್ನೊಂದು ಮುಗಿದಿತ್ತು. ಹನ್ನೆರಡನೆಯದಕ್ಕೆ ಮೊದಲೇ ನೀವು ಹೊರಟೇಹೋದಿರಿ. ಅತ್ತೆ ಅಂದಿನಿಂದ ಹಾಡಿಯೇ ಇರಲಿಲ್ಲ, ದೇವರ ಮುಂದೆ ದೀಪ ಹಚ್ಚುವಾಗಲೂ ಇಲ್ಲ. ಇನ್ನೊಮ್ಮೆ ಹಾಡಿಸೋಣ ಅನ್ನುವ ಮಾತೇ ಇರಲಿಲ್ಲ. ಇದ್ದದ್ದು ಇಷ್ಟೇ: ಮುನ್ನೂರಕ್ಕೂ ಹೆಚ್ಚು ತುಣುಕು, ಪ್ರತಿಯೊಂದಕ್ಕೂ ಹೆಸರಿನ ಬದಲು ಒಂದು ನಂಬರು. ಯಾವ ತುಣುಕು ಯಾವ ಹಾಡಿನದು, ಯಾವುದರ ಮುಂದೆ ಯಾವುದು ಎನ್ನುವ ಜೋಡಣೆಯೆಲ್ಲ ಆ ತೆರೆಯದ ಪ್ರಾಜೆಕ್ಟಿನೊಳಗೆ ಸಿಕ್ಕಿಕೊಂಡಿತ್ತು.

ನಿಮ್ಮ ಒಂದು ಅಭ್ಯಾಸಕ್ಕೆ ನಾನು ಎಷ್ಟು ತಮಾಷೆ ಮಾಡಿದ್ದೆ, ನೆನಪಿದೆಯಾ? ರೆಕಾರ್ಡ್ ಬಟನ್ ಒತ್ತಿದ ಮೇಲೆ ಪ್ರತಿ ಸಲವೂ ನೀವು ಗಟ್ಟಿಯಾಗಿ ಹೇಳುತ್ತಿದ್ದಿರಿ: "ಮೂರನೇ ಹಾಡು, ಎರಡನೇ ಸಾಲು, ನಾಲ್ಕನೇ ಟೇಕ್." ಅತ್ತೆ ಹಾಡಿ ಮುಗಿಸಿದ ಮೇಲೆ "ಇದು ಇರ್ಲಿ" ಅಥವಾ "ಇದು ಬೇಡ." "ಟೇಪಿನ ಕಾಲ ಮುಗೀತು ಮಾವ, ಹೆಸರು ಟೈಪ್ ಮಾಡಿದ್ರಾಯ್ತಲ್ಲ" ಎಂದರೆ, "ಬರೆದದ್ದು ಯಂತ್ರಕ್ಕೆ. ಇದು ಹಾಡಿನೊಟ್ಟಿಗೆ ಇರ್ಲಿ ಮಾರಾಯ್ತಿ" ಅನ್ನುತ್ತಿದ್ದಿರಿ. ನಾನೋ ಅಚ್ಚುಕಟ್ಟಿನವಳು. ನಿಮ್ಮ ಆ ಮಾತುಗಳನ್ನೆಲ್ಲ ಕತ್ತರಿಸಿ ಎಸೆಯಲು ಕೂತಿದ್ದೆ. "ಪರದೆಯಲ್ಲಿ ಎಷ್ಟು ಬೇಕಾದ್ರೂ ಕತ್ತರಿಸು. ಮೂಲ ಫೈಲು ಮುಟ್ಟಿದ್ರೆ ಈ ಮೆಟ್ಟಿಲು ಹತ್ತಿಸುದಿಲ್ಲ ನಿನ್ನ" ಎಂದು ಗದರಿದಿರಿ. ಆಮೇಲೆ ಮೂರು ದಿನ ಮುನಿಸಿಕೊಂಡಿದ್ದೆ. ನೀವು ಗದರದಿದ್ದರೆ...

ಎದೆ ಗಟ್ಟಿ ಮಾಡಿಕೊಂಡು ಒಂದು ಮೂಲ ಫೈಲು ತೆರೆದಾಗ ಮೊದಲು ಕೇಳಿದ್ದು ಅತ್ತೆಯ ದನಿಯಲ್ಲ, ನಿಮ್ಮದು. "ಏಳನೇ ಹಾಡು, ಮೊದಲನೇ ಸಾಲು, ಎರಡನೇ ಟೇಕ್." ತಲೆ ತಗ್ಗಿಸಿ ಅತ್ತುಬಿಟ್ಟೆ ಮಾವ. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಒಂದು ನೋಟ್‌ಬುಕ್ ತೆಗೆದೆ. ಹೊಸ ಸಿಸ್ಟಂ ಮತ್ತೆ ಹಾಕಿಸಿದೆ. ದಿನಾ ಬೆಳಿಗ್ಗೆ ಡಬ್ಬಿಂಗಿನವರು ಬರುವ ಮೊದಲು ಕೂತು, ನೀವು ಹೇಳಿದ್ದನ್ನು ಬರೆದುಕೊಂಡು, ನೀವು "ಇರ್ಲಿ" ಅಂದದ್ದನ್ನಷ್ಟೇ ಹೊಸ ಸಾಫ್ಟ್‌ವೇರಿನಲ್ಲಿ ಸಾಲಾಗಿ ಜೋಡಿಸಿದೆ. ಐದು ವಾರ ಹಿಡಿಯಿತು. ಹೋಟೆಲಿನ ಗಲ್ಲಾ ಬಿಟ್ಟು ಬಂದು ಸ್ಟುಡಿಯೋದಲ್ಲಿ ಕಲಿತವರು ನೀವು. ದೊಡ್ಡ ದೊಡ್ಡ ಯಂತ್ರದವರಿಗೆ ಹೊಳೆಯದ್ದನ್ನು ನಿಮ್ಮ ಬಾಯಿ ಮಾಡಿಟ್ಟಿತ್ತು. ನಿಮ್ಮ ಕೈಕೆಳಗೆ ಕಲಿತೆ ಎಂದು ಹೇಳಿಕೊಳ್ಳಲು ನನಗೆ ಎಷ್ಟು ಹೆಮ್ಮೆ ಗೊತ್ತಾ? ಹನ್ನೊಂದು ಹಾಡನ್ನೂ ಕೂಡಿಸಿದ ನನ್ನ ಬಗ್ಗೆಯೂ ಹೆಮ್ಮೆಯೇ. ಇದರಲ್ಲಿ ನಾಚಿಕೆ ಏಕೆ?

ಕಳೆದ ಶುಕ್ರವಾರ ಅತ್ತೆ ವೆಸ್ಟ್ ಮಾಂಬಲಂನ ಮನೆಯಿಂದ ಆಟೋ ಮಾಡಿಕೊಂಡು ಬಂದರು. ಕಣ್ಣು ಮುಚ್ಚಿ ಹನ್ನೊಂದನ್ನೂ ಕೇಳಿದರು. ಚೆನ್ನಾಗಿದೆ ಅನ್ನಲಿಲ್ಲ. "ಹನ್ನೆರಡನೆಯದ್ದು ಎಲ್ಲಿ?" ಎಂದರು.

"ಅದನ್ನ ನೀವು ಹಾಡೇ ಇಲ್ವಲ್ಲ ಅತ್ತೆ."

ಅತ್ತೆ ಎದ್ದು, ಸೆರಗು ಸಿಕ್ಕಿಸಿಕೊಂಡು, ಸೀದಾ ಒಳಗೆ ಹೋಗಿ ಮೈಕಿನ ಮುಂದೆ ನಿಂತರು. ದನಿ ಒಡೆದಿದೆ ಮಾವ, ಮೊದಲಿನದಲ್ಲ. ಎರಡನೇ ಸಾಲಿಗೇ ಕೆಮ್ಮು ಬಂತು. ಅಷ್ಟರಲ್ಲಿ ಡಬ್ಬಿಂಗಿನವರು ಬಂದು ಬಾಗಿಲು ತಟ್ಟಿದರು. ನಾನು ಅತ್ತೆಗೆ ನಿಲ್ಲಿಸಲು ಸನ್ನೆ ಮಾಡಿದೆ. ಇಷ್ಟು ವರ್ಷ ಬಂದ ನೆಂಟರಿಗೆಲ್ಲ "ಸೊಸೆ ಸುಮ್ನೆ ಇವರೊಟ್ಟಿಗೆ ಹೋಗಿ ಕೂತ್ಕೊಳ್ತಾಳೆ" ಅನ್ನುತ್ತಿದ್ದ ಅತ್ತೆ, ನೀರು ಕುಡಿದು, ಮೈಕಿನಲ್ಲೇ ಹೇಳಿದರು:

"ಅವ್ರು ಕೊಂಜಂ ಹೊತ್ತು ಕಾಯ್ಲಿ. ಇಲ್ಲಿ ರೆಕಾರ್ಡಿಸ್ಟ್ ನನ್ನ ಸೊಸೆ. ಅವಳು ಸಾಕು ಅನ್ನುವ ತನಕ ನಾನು ಹಾಡ್ತೇನೆ."

ಒಂದು ಗಂಟೆ ನಾನು ಸಾಕು ಅನ್ನಲಿಲ್ಲ, ಮಾವ. ಹನ್ನೆರಡೂ ಆದವು.