ಉಜ್ಜದೆ ಬಿಟ್ಟ ಅಂಚು

ಮಾರ್ಚ್ 3
ಮೂರು ಕೃತಕ ಕಾಲು ಕೊಟ್ಟೆವು. ಒಂದು ವಾಪಸ್ ಬಂತು — ಉದ್ದ ಜಾಸ್ತಿ. ಮೇಸ್ತ್ರಿ ದಿನವಿಡೀ ತಲೆ ತಿಂದ.
ಮಧ್ಯಾಹ್ನ ಹೊಸಬರೊಬ್ಬರು. ಎಡಗಾಲು, ಮಂಡಿಯ ಕೆಳಗಿಲ್ಲ. ಸೈನ್ಯದಲ್ಲಿ ಫಿರಂಗಿ ದಳದಲ್ಲಿದ್ದವರು. ಅಚ್ಚಿಗೆ ಪ್ಲಾಸ್ಟರ್ ಪಟ್ಟಿ ನೆನೆಸುತ್ತ ಕೇಳಿದೆ, ಎಲ್ಲಿ ಆಯ್ತು? ನಮ್ಮೂರಿನ ಹೆಸರು ಹೇಳಿದರು.
"ಅಲ್ಲಿ ಕ್ಲಸ್ಟರ್ ಬಾಂಬು ಹಾರಿಸಿದ್ದು ನಾವೇ ಅಮ್ಮಾ. ಒಂದರ ಹೊಟ್ಟೇಲಿ ಎಪ್ಪತ್ತು ಮರಿಬಾಂಬು. ಸಿಡೀದೆ ಬಿದ್ದಿದ್ದು ಎಷ್ಟೋ."
"ಆಮೇಲೆ ಜನ ಹೊಲಕ್ಕೆ ವಾಪಸ್ ಬರ್ತಾರೆ ಅಂತ ಗೊತ್ತಿರಲಿಲ್ವಾ ಸಾರ್?"
"ಗೊತ್ತಿತ್ತು. ಗೆಲ್ಲಬೇಕಿತ್ತಲ್ಲ. ನನ್ನ ಕಾಲು ತೆಗೆದಿದ್ದೂ ನಮ್ಮದೇ ಮಾಲು ನೋಡಿ!"
ನಕ್ಕ.
ನನ್ನ ಮೆಣಸು... ಮಗಳನ್ನು ಅವಳಪ್ಪ ಹಾಗೇ ಕರೆಯುತ್ತಿದ್ದರು. ಯುದ್ಧ ಮುಗಿದು ಎಂಟು ತಿಂಗಳಾಗಿತ್ತು. ಹೊಲದಲ್ಲಿ ಡಬ್ಬಿಯಂಥದ್ದೇನೋ ಎತ್ತಿಕೊಂಡಳು.

ಮಾರ್ಚ್ 9
ಅವನ ಕಾಲು ನನ್ನ ಮೇಜಿಗೇ ಬಂತು. ಮೊಂಡುಗಾಲು ಕೂರುವ ಬಟ್ಟಲಿನ ಅಂಚು ಉಜ್ಜಿ ನುಣುಪು ಮಾಡುವುದು ನನ್ನ ಕೆಲಸ. ಮಂಡಿಯ ಹಿಂದೆ ಬರುವ ಕಡೆ ಉಜ್ಜಲಿಲ್ಲ. ಕಾಳಿನಷ್ಟು ಉಬ್ಬು. ಸಾಯುವುದಿಲ್ಲ. ಹೆಜ್ಜೆ ಹೆಜ್ಜೆಗೂ ಚುಚ್ಚಲಿ.
ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಎಷ್ಟು ದಿನವಾಗಿತ್ತು!

ಮಾರ್ಚ್ 11
ಹಾಕಿಕೊಂಡು ಅಂಗಳ ಸುತ್ತಿದ. ಮುಖವನ್ನೇ ನೋಡುತ್ತ ನಿಂತೆ.
"ಬೆಣ್ಣೆ ಥರ ಇದೆ. ಇನ್ನೊಂದು ಮದುವೆ ಆಗಬಹುದು!"
"ಮೊದಲನೆಯವರನ್ನ ಕೇಳಿದ್ರಾ ಸಾರ್?" ಎಂದ ಮೇಸ್ತ್ರಿ.
ಇಬ್ಬರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಾರ್ಚ್ 26, ಬೆಳಿಗ್ಗೆ 11
ಬೆಲ್ಟ್ ಬಿಗಿ ಮಾಡಿಸಲು ಬಂದಿದ್ದ. ದಿನಾ ಎರಡು ಮೈಲಿ ನಡೆಯುತ್ತಾನಂತೆ. ಮೊಂಡುಗಾಲಿಗೆ ಹಾಕುವ ಚೀಲದ ಹಿಂದೆ ಕಂದು ಕಲೆ.
"ಉರಿ ಗಿರಿ ಇಲ್ವಾ ಸಾರ್?"
"ಅಲ್ಲಿ ನರಾನೇ ಸತ್ತಿದೆಯಮ್ಮಾ. ಕೆಂಡ ಇಟ್ರೂ ಗೊತ್ತಾಗಲ್ಲ."
ಅಚ್ಚು ತೆಗೆಯುವ ಮುಂಚೆ ಎಲ್ಲರನ್ನೂ ಕೇಳುತ್ತೇನೆ, ಮುಟ್ಟಿದರೆ ತಿಳಿಯುತ್ತಾ ಎಂದು. ಹದಿಮೂರು ವರ್ಷದಲ್ಲಿ ಇವನೊಬ್ಬನನ್ನು ಕೇಳಲಿಲ್ಲ. ಸಿಟ್ಟಿಗೆ ಕಣ್ಣು ಕತ್ತಲಿಟ್ಟಿತ್ತು. ಇಂಥ ಕಾಲಿಗೆ ಆ ಉಬ್ಬು ಎಂದರೆ ಹುಣ್ಣು. ಕೊಳೆತರೆ ಮಂಡಿ ಹೋಗುತ್ತದೆ. ಜೀವವೂ ಹೋಗಬಹುದು.
ಉಬ್ಬಿನ ಮಾತೆತ್ತದೆ ಬೆಲ್ಟ್ ಬಿಗಿ ಮಾಡಿಕೊಟ್ಟೆ. ಹೋದ.
ಅವನಿಗೆ ಗೊತ್ತಿತ್ತು, ಹಾರಿಸಿದ. ಈಗ ನನಗೂ ಗೊತ್ತು.

ಮಾರ್ಚ್ 28
ಅವನ ಮನೆಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. "ವಾಕಿಂಗ್ ಹೋಗಿದಾರೆ. ಹೊಸ ಕಾಲು ಬಂದ ಮೇಲೆ ಕೈಗೇ ಸಿಗಲ್ಲ!"
"ಕಾಲು ಬಿಚ್ಚಿಸಿ ಮಂಡಿ ಹಿಂದೆ ನೋಡಿ. ಇವತ್ತೇ ಡಾಕ್ಟರ ಹತ್ರ ಹೋಗಲಿ. ಆಮೇಲೆ ಕಾಲು ತಗೊಂಡು ನನ್ನ ಹತ್ರ ಬರಲಿ. ತಪ್ಪು ನನ್ನದು," ಎಂದೆ.
ಕ್ಷಮಿಸಿಲ್ಲ. ನಾಳೆ ಬರಲಿ. ಉಬ್ಬು ಉಜ್ಜುವ ತನಕ ಒಂಟಿಗಾಲಲ್ಲಿ ಎದ್ದು ಹೋಗುವ ಹಾಗಿಲ್ಲ. ಕಾಲಿನ ನರ ತಾನೆ ಸತ್ತಿರುವುದು, ಕಿವಿ ಇದೆಯಲ್ಲ. ಒಂದೂ ಬಿಡದೆ ಹೇಳುತ್ತೇನೆ. ನನ್ನ ಮಗಳಿಗೆ ಆರು ವರ್ಷ ಸಾರ್. ಆ ಡಬ್ಬೀನ ಲಂಗದಲ್ಲಿ ಒರೆಸಿ, ಅಮ್ಮಾ ನೋಡು ಅಂತ ನನ್ನ ಕಡೆ ಚಾಚಿದಳು, ಅಷ್ಟರಲ್ಲಿ—